ಗುಂಡಗೆ ಬರೆಯಬೇಡಿ

ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾ ನಾಲ್ಕರಲ್ಲಿ
ಬೋರ್ಡು ಬರೆಯುವುದು ನನ್ನ ಕಸುಬು.
ಟಯರು, ಬಿರಿಯಾನಿ, ಹಲ್ಲಿನ ಡಾಕ್ಟರು;
ಮೇಲೆ ಅರಬಿ, ಕೆಳಗೆ ಇಂಗ್ಲಿಷು,
ಅರಬಿ ಒಂದು ಬೆರಳು ಸಣ್ಣದಾದರೂ
ಮುನ್ಸಿಪಾಲಿಟಿಯವರು ಬಂದು ನಿಲ್ಲುತ್ತಾರೆ.

ಹೀಗಿರುವಾಗ ಆಕೆ ಬಂದಳು, ಹೆಸರು ಶಮ್ಸಾ,
ಗೇಮು ಮಾಡುವ ಕಂಪನಿ.
"ಇಪ್ಪತ್ನಾಲ್ಕು ಅಕ್ಷರ ಬೇಕು, ಮಂತ್ರದ ಸುರುಳಿಗೆ.
ಯಾರಿಗೂ ಓದಲು ಬರಬಾರದು,
ಆದರೆ ಇನ್ನೇನು ಬಂತು ಅನ್ನಿಸಬೇಕು."
ಅರಬಿ ಎಲ್ಲಿ ಹಾಕಲಿ ಎಂದೆ.
ನಕ್ಕಳು. ನಾನು ನಿಜಕ್ಕೂ ಕೇಳಿದ್ದೆ.

ಒಂದೇ ಕರಾರು: ಗುಂಡಗೆ ಬರೆಯಬೇಡಿ.
ಆ ಕತೆಯ ಜನ ಮರದಲ್ಲಿ ಕೊರೆಯುವವರಂತೆ;
ಉಳಿ ಬಾಗುವುದಿಲ್ಲ, ಅಡ್ಡಗೆರೆ ಎಳೆದರೆ
ಮರದ ಎಳೆಯೊಳಗೇ ಕಳೆದುಹೋಗುತ್ತದೆ.

ನನ್ನ ಕೈಗೋ ತಾಳೆಗರಿಯ ಹೆದರಿಕೆ.
ನೇರ ಗೀರಿದರೆ ಗರಿ ಸೀಳೀತೆಂದು
ಯಾವ ಕಾಲದವರೋ ಬಾಗಿಸಿಟ್ಟದ್ದನ್ನೇ
ಉಳ್ಳಾಲದ ಶಾಲೆಯಲ್ಲಿ ಜಲಜಾಕ್ಷಿ ಟೀಚರು
ನನ್ನ ತೋರುಬೆರಳು ಹಿಡಿದು ಮರಳಲ್ಲಿ ತಿದ್ದಿಸಿದ್ದರು.
ಬೆಂಕಿಯ ಅಕ್ಷರ ಮಾಡೋಣ ಎಂದು ಕೂತರೆ
ನೆತ್ತಿಯ ಮೇಲೊಂದು ತಲೆಕಟ್ಟು ತಾನೇ ಬಂದು ಕೂರುತ್ತದೆ,
ಕರೆಯದ ಮದುವೆಗೆ ಬಂದ ನೆಂಟನ ಹಾಗೆ.

ಮೂರನೆಯದು ಯಾವುದೋ ಕಾರು ಕಂಪನಿಯದಂತೆ.
ಎಂಟನೆಯದು ಮೆಟ್ರೋದ ದಾರಿಬಾಣ. ಒಂಬತ್ತು, ಲಾಮ್-ಅಲಿಫ್.
ಹನ್ನೊಂದನ್ನು ನೋಡಿ "ಇದು ನನ್ನಜ್ಜನ ಒಂಟೆ" ಎಂದಳು.
ಕಾಸಿದ ಕಬ್ಬಿಣದಲ್ಲಿ ತೊಡೆಗೆ ಒತ್ತುತ್ತಿದ್ದರಂತೆ
ಎರಡು ಗೀರು, ನಡುವೆ ಒಂದು ಮುರಿತ;
ಮರಳುಗಾಡಲ್ಲಿ ಹತ್ತು ದಿನ ತಪ್ಪಿಸಿಕೊಂಡರೂ
ಕಂಡವರು ಹೊಡೆದುಕೊಂಡು ಬಂದು ಅಜ್ಜನ ಡೇರೆಗೆ ಕಟ್ಟುತ್ತಿದ್ದರಂತೆ.
ಅಳಿಸಿದೆ.
ಮೂರು ಗೀರು ಜೋಡಿಸುವುದರೊಳಗೆ
ಅದು ಯಾರದೋ ಸ್ವತ್ತಾಗಿಬಿಟ್ಟಿರುತ್ತದೆ.

ಶಫೀಕುಲ್ ಯಂತ್ರಕ್ಕೆ ಹಲಗೆ ಹಾಕುತ್ತಾ ಕೇಳಿದ:
"ಭಾಯಿ, ಇದು ಯಾವ ದೇಶದ ಬ್ಯಾಂಕು?"

ನಮ್ಮ ಮನೆಯ ಮಾತು ಬ್ಯಾರಿ.
ಉಮ್ಮ ಬೈದದ್ದು ಅದರಲ್ಲಿ, ಉಣಿಸಿದ್ದು ಅದರಲ್ಲಿ,
ಬರೆಯುವಾಗ ಮಾತ್ರ ಸಾಲದ ಅಂಗಿ:
ಶಾಲೆಗೆ ಕನ್ನಡದ್ದು, ಮದರಸಕ್ಕೆ ಅರಬಿಯದು.
ಎರಡೂ ಮೈಗೆ ಹೊಂದುತ್ತಿದ್ದವು, ಸುಳ್ಳೇಕೆ ಹೇಳಲಿ.
ಆದರೆ ಸಂಜೆ ಕೋಳಿಗಳನ್ನು ಗೂಡಿಗೆ ಕರೆವಾಗ
ಉಮ್ಮ ನಾಲಗೆಯನ್ನು ಅಂಗುಳಿಗೆ ಹಚ್ಚಿ ಬಿಡಿಸುತ್ತಿದ್ದ
ಆ ಸದ್ದಿಗೆ ಎರಡರಲ್ಲೂ ಅಕ್ಷರವಿಲ್ಲ.

ಇಪ್ಪತ್ನಾಲ್ಕನೆಯದನ್ನು ಅದಕ್ಕೆ ಕೊಟ್ಟೆ:
ನಿಂತ ಒಂದು ಗೀರು, ಒರಗಿದ ಎರಡು ಗಿಡ್ಡ ಗೀರು,
ಅರ್ಧ ತೆರೆದ ಗೂಡಿನ ಬಾಗಿಲು.

ಶಮ್ಸಾ ಬಹಳ ಹೊತ್ತು ನೋಡಿದಳು.
"ಇದರ ಉಚ್ಚಾರ?"
"ಗೇಮಿನಲ್ಲಿ ಯಾರೂ ಗಟ್ಟಿಯಾಗಿ ಓದುವುದಿಲ್ಲವಲ್ಲ?"
"ಇಲ್ಲ. ಒಮ್ಮೆ ಓದಿದರೆ ಸುರುಳಿ ಉರಿದುಹೋಗುತ್ತದೆ."
ಎಂಟುನೂರು ದಿರಹಂ ಎಣಿಸಿದಳು, ರಸೀದಿ ಬೇಕೆಂದಳು.
ರಸೀದಿ ಇಂಗ್ಲಿಷಿನಲ್ಲೇ ಬರೆದೆ.

ರೂಮಿನಲ್ಲಿ ನಾವು ಆರು ಜನ, ಫ್ರಿಜ್ಜು ಒಂದು.
ಆವತ್ತು ರಾತ್ರಿ ನನ್ನ ಮೀನುಸಾರಿನ ಡಬ್ಬಿಯ ಮೇಲೆ
ಮಾರ್ಕರಿನಲ್ಲಿ ಇಪ್ಪತ್ನಾಲ್ಕನೆಯದನ್ನು ಬರೆದಿಟ್ಟೆ.
ಬೆಳಿಗ್ಗೆ ಸಾರು ಹಾಗೇ ಇತ್ತು.
ಮಂತ್ರವೋ, ಹುಳಿ ಜಾಸ್ತಿಯಾಗಿತ್ತೋ, ಗೊತ್ತಿಲ್ಲ.

ಮೂರು ದಿನ ಬಿಟ್ಟು ನೋಡುತ್ತೇನೆ,
ಶಫೀಕುಲನ ಮೊಸರಿನ ಮೇಲೂ ಅದೇ ಗುರುತು.
ಒಂದು ಗಿಡ್ಡ ಗೀರು ಮಾತ್ರ ಎಡದ ಬದಲು ಬಲಕ್ಕೆ.
ಕಾಗುಣಿತ ತಪ್ಪು.
ತಿದ್ದಲು ಮಾರ್ಕರು ತೆಗೆದವನು
ಮತ್ತೆ ಮುಚ್ಚಳ ಹಾಕಿ
ಜೇಬಿಗಿಟ್ಟುಕೊಂಡೆ.